ಹನಿ ಬೀಳದ ಕಾಗದ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳುವ ಯೋಗ್ಯತೆ ನನಗಿದೆಯೆಂದು ನಾನು ಯಾವತ್ತೂ ಅಂದುಕೊಂಡವನಲ್ಲ. ನಾನು ಓದಿದ್ದು ಸಂಜೆ ತರಗತಿಯಲ್ಲಿ. ಹಗಲೆಲ್ಲ ದುಡಿದು ಬಂದವರು ಆಕಳಿಸುತ್ತ ಕೂತಿರುತ್ತಿದ್ದ ಆ ತರಗತಿಯಲ್ಲಿ ಕನ್ನಡ ಮೇಷ್ಟ್ರು ನನ್ನ ಪ್ರಬಂಧದ ಕೆಳಗೆ ಕೆಂಪು ಶಾಯಿಯಲ್ಲಿ, ‘ಹೇಳಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದೀಯ’ ಎಂದು ಬರೆದಿದ್ದರು. ಆ ರೋಗ ಇನ್ನೂ ವಾಸಿಯಾಗಿಲ್ಲ. ಆದರೆ ಈ ಸಂಗತಿಯಲ್ಲಿ ತಪ್ಪಿನ ಒಂದು ಪಾಲು ನನ್ನದು. ಊರಿನಲ್ಲಿ ಈಗ ಇದನ್ನು ಹೇಳಿ ನಗುವವರೆಲ್ಲ ನನ್ನ ಹೆಸರು ಬಿಟ್ಟೇ ಹೇಳುತ್ತಾರೆ. ನನ್ನ ಮೇಲಿನ ಮರ್ಯಾದೆಯಿಂದಲ್ಲ, ನಾನು ನೆನಪಿಗೇ ಬರುವುದಿಲ್ಲ, ಅದಕ್ಕೆ. ಅದು ನನಗೆ ಅನುಕೂಲವೇ. ಆದರೂ ಮನಸ್ಸು ಒಪ್ಪುತ್ತಿಲ್ಲ.

ನಾನು ಪುರಸಭೆಯಲ್ಲಿ ಕಾಗದದ ಗುಮಾಸ್ತ. ಮದುವೆಯಾಗುತ್ತೇವೆಂದು ಬಂದವರ ಕಾಲಡಿಗೆ ಕಾಗದ ತೂರಿಸುವುದು ನನ್ನ ಕೆಲಸ. ಗಂಡು ಹೆಣ್ಣು ಇಬ್ಬರೂ ಹಿತ್ತಾಳೆ ಹರಿವಾಣದ ಓಕುಳಿ ನೀರಿನಲ್ಲಿ ಪಾದ ಅದ್ದಿ ಕೋಣೆಯ ನಡುವೆ ಬಂದು ನಿಲ್ಲಬೇಕು. ನಾನು ಮಂಡಿಯೂರಿ ಕೂತು, ಬಿಳಿ ಹಾಳೆಯನ್ನು ಹಿಮ್ಮಡಿಯ ಕಡೆಯಿಂದ ತೂರಿಸಿ ಬೆರಳಿನ ಕಡೆಯಿಂದ ಎಳೆದುಕೊಳ್ಳುತ್ತೇನೆ. ಹಾಳೆಯ ಮೇಲೆ ಹೆಜ್ಜೆ ಮೂಡದಿದ್ದರೆ ಮೊಹರು. ಮೂಡಿದರೆ, “ಆರು ತಿಂಗಳು ಬಿಟ್ಟು ಬನ್ನಿ.” ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಊರಿನವರ ಮುಖಕ್ಕಿಂತ ಅವರ ಹಿಮ್ಮಡಿಯೇ ನನಗೆ ಹೆಚ್ಚು ಗುರುತು.

ಪ್ರೀತಿ ಹತ್ತಿದವರು ನಮ್ಮೂರಲ್ಲಿ ನೆಲ ಬಿಡುತ್ತಾರೆ. ಮೊದಲು ಒಂದು ಕೂದಲೆಳೆಯಷ್ಟು. ಆಗ ಬಿಟ್ಟವರಿಗೂ ಗೊತ್ತಾಗುವುದಿಲ್ಲ, ನೋಡಿದವರಿಗೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ಬೆರಳು, ಎರಡು ಬೆರಳು, ಕೆಲವರಿಗೆ ಗೇಣು. ಇದಕ್ಕೆಂದೇ ನಮ್ಮ ಮನೆಗಳ ಬಾಗಿಲು ಬೇರೆ ಊರಿನವಕ್ಕಿಂತ ಒಂದು ಗೇಣು ಹೆಚ್ಚು ಎತ್ತರ. ಆಷಾಢದ ಗಾಳಿಗೆ ಹೊಸ ಸೊಸೆಯಂದಿರು ಸೆರಗಿನಲ್ಲಿ ಎರಡು ಕಿಲೋ ತೂಕದ ಬಟ್ಟು ಕಟ್ಟಿಕೊಂಡು ಬಾವಿಗೆ ಹೋಗುತ್ತಾರೆ. ಮದುವೆಯಾದ ಮೂರ್ನಾಲ್ಕು ವರ್ಷಕ್ಕೆ ಹೆಚ್ಚಿನವರು ಕೆಳಗಿಳಿಯುತ್ತಾರೆ. ಅದರಲ್ಲಿ ಅವಮಾನವೇನಿಲ್ಲ, ಸೌದೆ ಒಡೆಯಲು ಕಾಲು ಊರಲೇಬೇಕು. ಗುಡಿಯ ಪೂಜಾರಪ್ಪನವರು ಇಪ್ಪತ್ತು ವರ್ಷದಿಂದ ನಾಲ್ಕು ಬೆರಳು ಮೇಲಿದ್ದಾರೆ. ದೇವರ ಮೇಲಿನ ಭಕ್ತಿಯಿಂದ ಎಂದು ಅವರು ಹೇಳುತ್ತಾರೆ. ಅವರ ಹೆಂಡತಿ ನೆಲದ ಮೇಲೇ ಇದ್ದಾರೆ, ಅವರು ಏನೂ ಹೇಳುವುದಿಲ್ಲ. ಹೊರಗಿನ ಊರುಗಳಿಂದ ಬರುವ ಬಸ್ ಡ್ರೈವರುಗಳು, ಬಟ್ಟೆ ವ್ಯಾಪಾರಿಗಳು ಒಬ್ಬರೂ ನೆಲ ಬಿಟ್ಟದ್ದನ್ನು ನಾವು ಕಂಡಿಲ್ಲ. ಪಾಪ, ತಿರುಗಾಟದ ಕೆಲಸ, ಪ್ರೀತಿಗೆ ಬಿಡುವಿಲ್ಲ ಎಂದುಕೊಂಡಿದ್ದೇವೆ.

ಪುರಸಭೆಯ ಎದುರಿಗೇ ವನಜಾಕ್ಷಿಯವರ ಹಿಟ್ಟಿನ ಮಿಷನ್ನು. ಊರಿಗೆ ಇದ್ದದ್ದು ಅದೊಂದೇ. ತಂದೆ ತೀರಿಕೊಂಡ ಮೇಲೆ ಇಪ್ಪತ್ತೈದು ವರ್ಷದಿಂದ ಅವರೇ ನಡೆಸುತ್ತಿದ್ದರು. ನಲವತ್ತಾರು ವಯಸ್ಸು, ಒಂಟಿ, ಬಾಯಿ ಜೋರು. ಯಾರಿಗಾಗಿಯೂ ಅವರ ಕಾಲು ನೆಲ ಬಿಟ್ಟಿರಲಿಲ್ಲ, ಹಾಗಾಗಿ ಮದುವೆಯೂ ಆಗಿರಲಿಲ್ಲ. ಇಬ್ಬರು ಗಂಡುಗಳು ಬೇರೆಬೇರೆ ಕಾಲದಲ್ಲಿ ಅವರಿಗಾಗಿ ಎರಡು ಬೆರಳು ಮೇಲೇರಿ ಬಂದಿದ್ದರಂತೆ. “ರಾಗಿ ತಂದಿದ್ರೆ ಸಾಲಲ್ಲಿ ನಿಂತ್ಕೊಳಿ, ಇಲ್ದಿದ್ರೆ ಗಾಳಿಗೆ ಅಡ್ಡ ನಿಲ್ಬೇಡಿ” ಎಂದು ಕಳಿಸಿದ್ದರಂತೆ.

ಕಾರ್ತಿಕದ ಒಂದು ಬೆಳಗ್ಗೆ ನಾನು ಐದು ಕಿಲೋ ರಾಗಿ ತೆಗೆದುಕೊಂಡು ಹೋದೆ. ಮಿಷನ್ನಿನ ನೆಲದ ಮೇಲೆ ಯಾವಾಗಲೂ ಒಂದು ಪದರ ಹಿಟ್ಟು ಇರುತ್ತದೆ. ವನಜಾಕ್ಷಿಯವರು ಡಬ್ಬ ಇಸಿದುಕೊಂಡು ಒಳಗೆ ಹೋದರು, ಚಕ್ರದ ಪಟ್ಟಿ ಸರಿಮಾಡಿದರು, ವಾಪಸ್ ಬಂದರು. ನನ್ನ ಕಣ್ಣು ಅಭ್ಯಾಸಬಲದಿಂದ ಕೆಳಗಿತ್ತು. ಹಿಟ್ಟಿನ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

“ವನಜಾಕ್ಷಿಯವ್ರೇ, ಕಾಲು…” ಎಂದೆ.

“ನಿಮ್ಮ ಆಫೀಸು ಆ ಕಡೆ ಇರೋದು ಗುಮಾಸ್ತ್ರೇ. ಇಲ್ಲಿ ರಾಗಿ ನೋಡ್ಕೊಳಿ ಸಾಕು.”

ಆದರೆ ಮುಖ ಕೆಂಪಗಾಗಿತ್ತು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಸಂಜೆಗೆ ಅರ್ಧ ಊರು ಹಿಡಿ ಹಿಡಿ ರಾಗಿ ಹಿಡಿದು ಸಾಲಿನಲ್ಲಿ ನಿಂತಿತ್ತು, ಬರೀ ಅವರ ಪಾದ ನೋಡಲು. ಯಾರು, ಯಾರು ಎಂದು ಕೇಳಿ ಕೇಳಿ ಜನ ಸೋಲದಿದ್ದಾಗ ಅವರೇ ಸೋತು, ಸೆರಗಿನ ಗಂಟಿನಿಂದ ಫೋನ್ ತೆಗೆದು ತೋರಿಸಿದರು.

ಅವನ ಹೆಸರು ಅಧಿರಾಜ್. ಹಿಂದೆ ಮುಂದೆ ಏನೂ ಇಲ್ಲ, ಬರೀ ಅಧಿರಾಜ್. ಸಮುದ್ರದಾಚೆ ಮುತ್ತಿನ ವ್ಯಾಪಾರ, ಸ್ವಂತದ್ದು ಮೂರು ಹಡಗು. ಫೋಟೋದಲ್ಲಿ ಬಿಳಿ ಕೋಟು, ಪಕ್ಕದಲ್ಲಿ ಹಂಸದ ಆಕಾರದ ಕೊಳ. ಇನ್ನೊಂದರಲ್ಲಿ ಹನ್ನೆರಡು ಬಟ್ಟಲುಗಳ ತಿಂಡಿ, ಒಬ್ಬನಿಗೇ. ಮತ್ತೊಂದು ಅವನ ಬಚ್ಚಲುಮನೆ. ಅದು ನಮ್ಮ ಪುರಸಭೆಯ ಸಭಾಂಗಣಕ್ಕಿಂತ ದೊಡ್ಡದಿತ್ತು, ಬಂಗಾರದ ನಲ್ಲಿ, ಗೋಡೆಯಷ್ಟು ಕನ್ನಡಿ. ಆ ಫೋಟೋ ಬಂದಾಗ ಸಾಲಿನಲ್ಲಿದ್ದವರೆಲ್ಲ ಒಮ್ಮೆಗೇ ಉಸಿರೆಳೆದುಕೊಂಡರು.

“ನಿಮ್ಮನ್ನ ಹೇಗೆ ಹುಡುಕಿದ್ರಂತೆ?” ಎಂದು ನಾನು ಕೇಳಿದೆ.

“ತಪ್ಪಿ ನನ್ನ ನಂಬರಿಗೆ ಮೆಸೇಜ್ ಬಂತು. ತಪ್ಪಾಯ್ತು ಅಂದ್ರು. ಆಮೇಲೆ ಊಟ ಆಯ್ತಾ ಅಂತ ಕೇಳಿದ್ರು.”

“ಅಷ್ಟೇನಾ?”

“ಅಷ್ಟೇನಾ ಅಂತೀರಲ್ಲ!” ಎಂದರು. “ಈ ಮಿಷನ್ ಸದ್ದಲ್ಲಿ ಇಪ್ಪತ್ತೈದು ವರ್ಷ ಯಾರು ಏನ್ ಕೇಳಿದ್ರೂ ನನ್ನ ಕಿವಿಗೆ ಬಿದ್ದಿಲ್ಲ. ಇವರು ಬರೆದು ಕೇಳಿದ್ರು. ದಿನಾ ಕೇಳ್ತಾರೆ, ಎರಡು ಹೊತ್ತೂ.”

ನಾನು ಇಪ್ಪತ್ತೆರಡು ವರ್ಷದಲ್ಲಿ ಅವರನ್ನು ಕೇಳಿದ್ದು, “ಸಣ್ಣಗೆ ಬೀಸ್ತೀರಾ?” ಎಂದು ಮಾತ್ರ. ಇದು ನನಗೆ ಆಗ ಹೊಳೆಯಿತು, ಹೊಳೆದು ಸುಮ್ಮನಾಯಿತು.

ಮುಂದಿನ ಎರಡು ತಿಂಗಳು ಊರು ಹೇಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ. ಪ್ರೀತಿ ಬಂದದ್ದು ವನಜಾಕ್ಷಿಯವರಿಗೆ, ಶ್ರೀಮಂತಿಕೆ ಬಂದದ್ದು ಎಲ್ಲರಿಗೂ. ಟೈಲರ್ ತನ್ನ ಬೋರ್ಡಿನ ಮೇಲೆ ‘ಕೋಟು ಹೊಲಿಯಲಾಗುವುದು’ ಎಂದು ಬರೆಸಿದ. ಅವನ ಹೆಂಡತಿ ಮನೆಯಲ್ಲಿ ರಾಗಿಮುದ್ದೆಯನ್ನು ಫೋರ್ಕಿನಲ್ಲಿ ತಿನ್ನುವ ಅಭ್ಯಾಸ ಶುರುಮಾಡಿ ಮೂರು ಫೋರ್ಕು ಬಗ್ಗಿಸಿದಳು. ಹೆಂಗಸರು ಕೆಲವರು ಅಮೃತಶಿಲೆಯ ಮೇಲೆ ನಡೆಯುವುದನ್ನು ಕಲಿಯಲು ಅಂಗಳಕ್ಕೆ ಸೋಪಿನ ನೀರು ಸುರಿದುಕೊಂಡು ಓಡಾಡಿದರು. ಇಬ್ಬರಿಗೆ ಕೈ ಮುರಿಯಿತು. ಅಧಿರಾಜ್‌ಗೆ ತೋಟದ ಮಾಲಿ ಬೇಕಾಗಬಹುದು, ಅಡುಗೆಯವರು ಬೇಕಾಗಬಹುದು ಎಂದು ಜನ ಅರ್ಜಿ ಬರೆದುಕೊಂಡು ಮಿಷನ್ನಿಗೆ ಬರತೊಡಗಿದರು. ವನಜಾಕ್ಷಿಯವರು ಅರ್ಜಿಗಳನ್ನು ರಾಗಿ ಡಬ್ಬದ ಕೆಳಗೆ ಇಟ್ಟುಕೊಳ್ಳುತ್ತಿದ್ದರು.

ಪುರಸಭೆ ಅಧ್ಯಕ್ಷರಾದ ಮುದ್ದುವೀರಪ್ಪನವರಿಗೆ ಬೇಕಾಗಿದ್ದದ್ದು ಹಡಗು.

“ಮೂರಲ್ಲಿ ಒಂದು ಊರಿಗೆ ಕೊಡಲಿ. ಅಳಿಯ ಅಂದಮೇಲೆ ಅಷ್ಟೂ ಮಾಡದಿದ್ರೆ ಹೇಗೆ?”

“ಸಾರ್, ನಮ್ಮೂರಲ್ಲಿ ಕೆರೆಯೂ ಇಲ್ಲ” ಎಂದೆ.

“ನಿಂದು ಯಾವಾಗ್ಲೂ ಅಪಶಕುನವೇ ಪರಮಶಿವಯ್ಯ. ಹಡಗು ಬರಲಿ, ಕೆರೆ ಆಮೇಲೆ ತೋಡಿಸೋಣ.”

ಒಬ್ಬರು ಮಾತ್ರ ಹಿಗ್ಗಲಿಲ್ಲ, ಅರ್ಜಿಯನ್ನೂ ಬರೆಯಲಿಲ್ಲ. ಚಪ್ಪಲಿ ಅಂಗಡಿಯ ಖುದ್ದೂಸ್ ಸಾಬರು. ಊರಿನಲ್ಲಿ ಪ್ರೀತಿ ಹೆಚ್ಚಾದರೆ ಅವರ ವ್ಯಾಪಾರಕ್ಕೆ ಪೆಟ್ಟು, ಹಾಗಾಗಿ ಅವರ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅವರು ವನಜಾಕ್ಷಿಯವರ ಫೋನಿನಲ್ಲಿ ಹದಿನೇಳು ಫೋಟೋ ಒಂದೊಂದಾಗಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು:

“ಎಲ್ಲಾ ಚೆನ್ನಾಗೈತಮ್ಮಾ. ಕಾಲೆಲ್ಲಿ?”

ನಿಜ. ಹದಿನೇಳರಲ್ಲಿ ಒಂದರಲ್ಲೂ ಅವನ ಮೊಣಕಾಲಿನ ಕೆಳಗಿನದು ಕಾಣುತ್ತಿರಲಿಲ್ಲ. ಮೇಜು ಅಡ್ಡ, ಹೂಕುಂಡ ಅಡ್ಡ, ಒಂದರಲ್ಲಿ ನಾಯಿ ಅಡ್ಡ.

“ನಿಮ್ಮ ಕಣ್ಣು ಹೋಗೋದೇ ಅಲ್ಲಿಗೆ ಸಾಬ್ರೇ. ಚಪ್ಪಲಿ ಮಾರೋಕಾ?” ಎಂದರು ವನಜಾಕ್ಷಿಯವರು. ಆದರೆ ಆ ರಾತ್ರಿ ಅವರಿಗೂ ನಿದ್ದೆ ಬಂದಿರಲಿಕ್ಕಿಲ್ಲ. ಮಾರನೆಯ ದಿನ ತಾವಾಗಿಯೇ ಪುರಸಭೆಗೆ ಬಂದರು, ಹೊಸಿಲಿನ ಮೇಲೆ ನಾಲ್ಕು ಬೆರಳು ತೇಲುತ್ತ. ಅಧಿರಾಜ್ ಅವರಿಗೆಂದು ಒಂದು ಪೆಟ್ಟಿಗೆ ಕಳಿಸಿದ್ದಾನೆ, ಒಳಗೆ ಮುತ್ತಿನ ಹಾರ, ರೇಷ್ಮೆ, ಜೊತೆಗೆ ಅವರ ಪ್ರಯಾಣದ ಟಿಕೆಟ್ಟು. ಪೆಟ್ಟಿಗೆ ಬಂದರಿನಲ್ಲಿ ಸುಂಕದವರ ಕೈಯಲ್ಲಿ ಸಿಕ್ಕಿಕೊಂಡಿದೆ. ಬಿಡಿಸಿಕೊಳ್ಳಲು ಬೇಕಾದ ದುಡ್ಡು ಸಾಮಾನ್ಯದ್ದಲ್ಲ. ಮಿಷನ್ನು ಮಾರಬೇಕು. ನಮ್ಮೂರ ನಿಯಮದ ಪ್ರಕಾರ ಮದುವೆಗಾಗಿ ಆಸ್ತಿ ಮಾರುವವರು ಗಂಡು ಹೆಣ್ಣು ಇಬ್ಬರ ಕಾಗದಕ್ಕೂ ಮೊಹರು ಹಾಕಿಸಿ ತೋರಿಸಬೇಕು.

“ನಂದು ಈಗ್ಲೇ ತೂರಿಸಿ. ಅವರದ್ದು ಅಂಚೇಲಿ ತರಿಸೋಣ” ಎಂದರು.

ಅಂಚೆಯಲ್ಲಿ ಕಾಗದ ತರಿಸಿದ ಉದಾಹರಣೆ ಕಡತದಲ್ಲಿರಲಿಲ್ಲ. ನಾನು ಎರಡು ದಿನ ತಲೆಕೆಡಿಸಿಕೊಂಡೆ. ಕೊನೆಗೆ ಅಧ್ಯಕ್ಷರು, “ಬೇಡ ಅಂತ ಎಲ್ಲಾದ್ರೂ ಬರೆದಿದೆಯೇನಯ್ಯ?” ಎಂದರು. ಬರೆದಿರಲಿಲ್ಲ. ಒಂದು ಬಿಳಿ ಹಾಳೆ, ಒಂದು ಪೊಟ್ಟಣ ಓಕುಳಿ ಪುಡಿ, ಏಳು ಸೂಚನೆಗಳು: ನೀರಲ್ಲಿ ಕದಡಿ, ಎರಡೂ ಪಾದ ಅದ್ದಿ, ಗೋಡೆಗೆ ಒರಗಬೇಡಿ, ಇತ್ಯಾದಿ. ನನ್ನ ಕೈಬರಹದಲ್ಲೇ ಎರಡು ಸಲ ತಿದ್ದಿ ಬರೆದು ಅವನು ಕೊಟ್ಟ ವಿಳಾಸಕ್ಕೆ ಕಳಿಸಿದೆವು. ವಿಳಾಸ ಸಮುದ್ರದ ಈಚೆಗೇ ಇತ್ತು. ಅದು ಅವನ ಮ್ಯಾನೇಜರನದಂತೆ. ನಾನು ಆಗಲೇ ಕೇಳಬಹುದಿತ್ತು.

ಹದಿನೆಂಟು ದಿನಕ್ಕೆ ಲಕೋಟೆ ವಾಪಸ್ ಬಂತು. ಪುರಸಭೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ನಾನು ಮೇಜಿನ ಹಿಂದೆ ಕೂತು ಲಕೋಟೆ ಕತ್ತರಿಸಿದೆ. ಒಳಗಿನಿಂದ ಅತ್ತರಿನ ವಾಸನೆ ಬಂತು. ಹಾಳೆಯನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಹೆಜ್ಜೆಯ ಗುರುತು ಎಲ್ಲೂ ಇರಲಿಲ್ಲ. ಹಾಲಿನಂಥ ಬಿಳುಪು.

“ನೋಡಿದ್ರಾ!” ಎಂದು ಅಧ್ಯಕ್ಷರು ಕೂಗಿದರು. ಅಂಗಳದಲ್ಲಿ ಶಿಳ್ಳೆ ಬಿತ್ತು.

ಈಗ ಮೇಷ್ಟ್ರು ಹೇಳಿದ ಆ ಬಿಟ್ಟುಹೋಗುವ ಒಂದನ್ನು ಹೇಳಬೇಕು. ಇಪ್ಪತ್ತೆರಡು ವರ್ಷದಲ್ಲಿ ನಾನು ತೂರಿಸಿದ ಹಾಳೆಗಳಲ್ಲಿ ಒಂದೂ ಪೂರ್ತಿ ಬಿಳಿಯಾಗಿ ಬಂದದ್ದಿಲ್ಲ. ಒದ್ದೆ ಪಾದ ಎಷ್ಟೇ ಮೇಲಿರಲಿ, ಹನಿ ಬೀಳುತ್ತದೆ. ಹಿಮ್ಮಡಿಯಿಂದ ಎರಡು, ಹೆಬ್ಬೆರಳಿನಿಂದ ಒಂದು, ಕೆಂಪಗೆ. ಅರ್ಜಿ ನಮೂನೆಯಲ್ಲಿ ಹೆಜ್ಜೆಗೆ ಕಾಲಂ ಇದೆ, ಹನಿಗೆ ಇಲ್ಲ. ಹಾಗಾಗಿ ನಾನು ಅದನ್ನು ಯಾವತ್ತೂ ಬರೆದಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ವನಜಾಕ್ಷಿಯವರ ಹಾಳೆಯಲ್ಲಿ ಐದು ಹನಿಗಳಿದ್ದವು. ಅಧಿರಾಜನ ಹಾಳೆಯಲ್ಲಿ ಒಂದೂ ಇರಲಿಲ್ಲ. ಆ ಹಾಳೆಯ ಹತ್ತಿರ ಯಾವ ಕಾಲೂ ಸುಳಿದಿರಲಿಲ್ಲ.

ನಾನು ಮೊಹರು ಎತ್ತಿ ಹಿಡಿದುಕೊಂಡು ಕೂತೆ. ವನಜಾಕ್ಷಿಯವರು ಬಾಗಿಲಲ್ಲಿ ನಿಂತಿದ್ದರು, ಗೇಣು ಎತ್ತರದಲ್ಲಿ. ಅಷ್ಟು ಎತ್ತರ ಅವರನ್ನು ನಾನು ಕಂಡಿರಲಿಲ್ಲ. ತಲೆ ಬಾಗಿಲಿನ ಮೇಲ್ಪಟ್ಟಿಗೆ ತಾಗುತ್ತಿತ್ತು. ಆಗ ನನ್ನ ತಲೆಗೆ ಬಂದ ಯೋಚನೆಯನ್ನು ಇದ್ದ ಹಾಗೇ ಬರೆಯುತ್ತೇನೆ: ದೊಡ್ಡ ಶ್ರೀಮಂತರು, ಅವರ ಕಾಲು ಹನಿಸುವುದಿಲ್ಲವೇನೋ. ಬಂಗಾರದ ನಲ್ಲಿ ಇರುವವರ ಪಾದ ಹೇಗಿರುತ್ತದೆಂದು ಸಂಜೆ ತರಗತಿಯಲ್ಲಿ ಓದಿದ ನನಗೆ ಏನು ಗೊತ್ತು?

ಮೊಹರು ಒತ್ತಿದೆ.

ಸೋಮವಾರ ಒತ್ತಿದ್ದು. ಶುಕ್ರವಾರ ಮಿಷನ್ನು ಕೊಳ್ಳುವವರು ಬೇರೆ ಊರಿನಿಂದ ಲಾರಿ ತರುವುದಾಗಿತ್ತು. ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಹಳೆಯ ಕಡತ ತೆಗೆದು ಮುನ್ನೂರು ಹಾಳೆ ನೋಡಿದೆ. ಎಲ್ಲದರಲ್ಲೂ ಹನಿ. ಶುಕ್ರವಾರ ಬೆಳಗ್ಗೆ ಲಾರಿ ಬಂದು ನಿಂತಾಗ ಹರಿವಾಣ, ಓಕುಳಿ, ಒಂದು ಹಾಳೆ ತೆಗೆದುಕೊಂಡು ರಸ್ತೆ ದಾಟಿದೆ. ಜೀವಮಾನದಲ್ಲಿ ಮೊದಲ ಸಲ ಹತ್ತಿಪ್ಪತ್ತು ಜನರ ಮುಂದೆ ನಿಂತು ಮಾತಾಡಿದೆ.

“ದಯವಿಟ್ಟು ತಪ್ಪು ತಿಳ್ಕೋಬೇಡಿ. ವನಜಾಕ್ಷಿಯವ್ರೇ, ಒಂದೇ ಒಂದು ಸಲ ಪಾದ ಅದ್ದಿ ಇದರ ಮೇಲೆ ನಿಲ್ಲಿ.”

“ನಂದು ಆಗಿದೆಯಲ್ಲ?”

“ಇನ್ನೊಂದ್ಸಲ. ನನ್ನ ಸಮಾಧಾನಕ್ಕೆ.”

ಅವರು ನಿಂತರು. ಎಲ್ಲರೂ ಬಗ್ಗಿ ನೋಡಿದರು. ಟಪ್ ಎಂದು ಒಂದು ಹನಿ ಬಿತ್ತು. ಮತ್ತೊಂದು. ನಾನು ಅಧಿರಾಜನ ಹಾಳೆಯನ್ನು ಪಕ್ಕದಲ್ಲಿಟ್ಟೆ. ಏನೂ ಹೇಳಬೇಕಾಗಿರಲಿಲ್ಲ. ಎಲ್ಲರಿಗೂ ಕಂಡಿತು. ವನಜಾಕ್ಷಿಯವರು ಎರಡೂ ಹಾಳೆಗಳನ್ನು ನೋಡುತ್ತಲೇ ಇದ್ದರು.

ಆಗ ಅಧ್ಯಕ್ಷರು ತೊಡೆ ತಟ್ಟಿಕೊಂಡರು. “ಏಸಿ ಕಣಯ್ಯಾ, ಏಸಿ! ಅವರ ಮನೇಲಿ ಏಸಿ ಇರುತ್ತೆ. ಕಾಲು ನೀರಿಂದ ಎತ್ತೋದೇ ತಡ, ಒಣಗಿಹೋಗುತ್ತೆ!”

“ಹೌದಲ್ವಾ!” ಎಂದ ಟೈಲರ್, ಎದೆಯ ಮೇಲಿನ ಭಾರ ಇಳಿದವನಂತೆ.

“ಏಸಿನೇ ಇರ್ಬೇಕು” ಎಂದರು ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಹೆಂಗಸು. “ಗುಮಾಸ್ತ್ರು ಏಸಿ ಎಲ್ಲಿ ನೋಡಿದಾರೆ ಪಾಪ.”

ನಿಜವಾಗಿಯೂ ನಾನು ಏಸಿ ನೋಡಿರಲಿಲ್ಲ. ಅವರೂ ನೋಡಿರಲಿಲ್ಲ. ಆದರೆ ಅವರು ಇಪ್ಪತ್ತು ಜನ, ನಾನು ಒಬ್ಬ. ಅಂಗಡಿಯ ಮೆಟ್ಟಿಲ ಮೇಲಿಂದ ಖುದ್ದೂಸ್ ಸಾಬರು ಒಬ್ಬರೇ, “ಅರೇ, ಆ ಮನುಷ್ಯ ಹೇಳ್ತಿರೋದ್ನ ಕೇಳ್ರಯ್ಯಾ” ಎಂದರು. “ನಿಮಗೇನು ಸಾಬ್ರೇ, ಅವರು ಹೊರಟುಹೋದ್ರೆ ಒಂದು ಜೊತೆ ಲಾಸು” ಎಂದು ಯಾರೋ ನಕ್ಕರು. ನಾನು, “ಇರಬಹುದು, ಏಸಿ ಇರಬಹುದು” ಎಂದುಬಿಟ್ಟೆ. ಈ ಮಾತನ್ನು ನಾನು ದಿನಕ್ಕೊಂದು ಸಲವಾದರೂ ನೆನೆಸಿಕೊಳ್ಳುತ್ತೇನೆ.

ವನಜಾಕ್ಷಿಯವರು ಸೆರಗಿನಿಂದ ಪಾದ ಒರೆಸಿಕೊಂಡು, “ಒಯ್ಯಿರಿ” ಎಂದು ಲಾರಿಯವರಿಗೆ ಹೇಳಿದರು. ಲಾರಿಯವರು ಪಟ್ಟಿ ಬಿಚ್ಚಿದರು, ಕಲ್ಲುಗಳನ್ನು ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಮಿಷನ್ನಿದ್ದ ಜಾಗದಲ್ಲಿ ನಾಲ್ಕು ಬೋಲ್ಟುಗಳು ಮಾತ್ರ ಉಳಿದವು. ಇಪ್ಪತ್ತೈದು ವರ್ಷದ ಸದ್ದು ನಿಂತು ಊರಿಗೆ ಕಿವಿ ಕಟ್ಟಿದ ಹಾಗಾಯಿತು. ನಾಯಿಗಳು ಸಹ ಸುಮ್ಮಸುಮ್ಮನೆ ತಲೆ ಎತ್ತಿ ನೋಡುತ್ತಿದ್ದವು.

ಪೆಟ್ಟಿಗೆ ಬರಲಿಲ್ಲ. ಮೊದಲು ಸುಂಕದವರ ರಜೆ. ಆಮೇಲೆ ಇನ್ನೊಂದು ಸಹಿ, ಇನ್ನೊಂದಷ್ಟು ದುಡ್ಡು, ಅದಕ್ಕೆ ಅವರ ಎರಡು ಬಳೆ ಹೋದವು. ಮೂರನೆಯ ವಾರ ಅಧಿರಾಜ್ “ಊಟ ಆಯ್ತಾ” ಎಂದು ಕೇಳಲಿಲ್ಲ. ವನಜಾಕ್ಷಿಯವರು ಒಂದು ದಿನ ಕಾದು, ಜಗಲಿಯ ಮೇಲೆ ಎಲ್ಲರೆದುರಿಗೇ ಫೋನ್ ಮಾಡಿದರು. ಆ ನಂಬರು ಬಳಕೆಯಲ್ಲಿಲ್ಲ ಎಂದು ಹೆಣ್ಣುದನಿಯೊಂದು ಮೂರು ಭಾಷೆಯಲ್ಲಿ ಹೇಳಿತು. ಅವರು ಮೂರನ್ನೂ ಪೂರ್ತಿ ಕೇಳಿ ಫೋನ್ ಕೆಳಗಿಟ್ಟರು.

ಆವತ್ತು ಸಂಜೆಯಿಂದಲೇ ಊರಿಗೆಲ್ಲ ಮೊದಲೇ ಗೊತ್ತಿತ್ತು. ಟೈಲರ್‌ಗೆ ಆ ಕೋಟು ನೋಡಿದಾಗಲೇ ಬಾಡಿಗೆಯದು ಅನ್ನಿಸಿತ್ತಂತೆ. ಅಧ್ಯಕ್ಷರಿಗೆ ಹಡಗಿನ ಮೇಲೆ ಯಾವತ್ತೂ ನಂಬಿಕೆ ಇರಲಿಲ್ಲವಂತೆ. ಮುದ್ದೆ ಮಾಡಲು ಹಿಟ್ಟಿಲ್ಲದೆ ಜನ ಪಕ್ಕದೂರಿಗೆ ಡಬ್ಬ ಹೊತ್ತು ನಡೆಯತೊಡಗಿದರು. ನಡೆಯುವಾಗ ದಾರಿಯುದ್ದಕ್ಕೂ ವನಜಾಕ್ಷಿಯವರನ್ನು ಬೈದರು. “ಈ ವಯಸ್ಸಲ್ಲಿ ಇವಳಿಗೆ ಬೇಕಿತ್ತಾ?” ಎಂದರು ಸೋಪಿನ ನೀರಲ್ಲಿ ಜಾರಿದವರು.

ಇನ್ನು ಉಳಿದದ್ದು ಅವರು ಕೆಳಗಿಳಿಯುವುದನ್ನು ನೋಡುವುದು. ಮೋಸ ಗೊತ್ತಾದವರು ನಮ್ಮೂರಲ್ಲಿ ಇಳಿಯುವುದಿಲ್ಲ, ಬೀಳುತ್ತಾರೆ. ಕಾಂಪೌಂಡರು ಬ್ಯಾಂಡೇಜು ತಯಾರಿಟ್ಟುಕೊಂಡ. ಖುದ್ದೂಸ್ ಸಾಬರು ವನಜಾಕ್ಷಿಯವರ ಅಳತೆಯ ಒಂದು ಜೊತೆ ಚಪ್ಪಲಿ ತೆಗೆದು, ಧೂಳು ಒರೆಸಿ, ಕೌಂಟರಿನ ಕೆಳಗಿಟ್ಟರು. “ಕಾಸು ಬೇಡ. ಬಂದ್ರೆ ಕೊಡ್ತೀನಿ” ಎಂದು ನನಗೆ ಮಾತ್ರ ಹೇಳಿದರು. ಆದರೆ ವಾರ ಕಳೆಯಿತು, ತಿಂಗಳು ಕಳೆಯಿತು, ವನಜಾಕ್ಷಿಯವರು ಬೀಳಲಿಲ್ಲ. ಗೇಣಿನಿಂದ ನಾಲ್ಕು ಬೆರಳಿಗೆ ಇಳಿದು ಅಲ್ಲೇ ನಿಂತರು. ಖಾಲಿ ಮಿಷನ್ ಮನೆಯಲ್ಲಿ ನಾಲ್ಕು ಬೋಲ್ಟುಗಳ ಸುತ್ತ ತೇಲಾಡಿಕೊಂಡಿದ್ದರು. ಯಾರಿಗಾಗಿ ತೇಲುತ್ತಿದ್ದಾರೆಂದು ಊರಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ಜನ ಇನ್ನಷ್ಟು ಬೈದರು.

ಅವರ ತಾಯಿಯ ಕಾಲದ ಒಂದು ಬೀಸುವ ಕಲ್ಲು ಹಿತ್ತಲಲ್ಲಿತ್ತು. ಹೊಟ್ಟೆಪಾಡಿಗೆ ಅದನ್ನು ಒಳಗೆ ತಂದು ರಾಗಿ ಬೀಸಲು ಕೂತರು. ಇಲ್ಲೊಂದು ತೊಂದರೆಯಾಯಿತು. ನೆಲ ಬಿಟ್ಟವರು ಕೂತರೂ ನೆಲಕ್ಕೆ ತಾಗುವುದಿಲ್ಲ. ಗೂಟ ಹಿಡಿದು ದೂಡಿದರೆ ಕಲ್ಲು ತಿರುಗುವ ಬದಲು ಅವರೇ ಕಲ್ಲಿನ ಸುತ್ತ ತಿರುಗುತ್ತಿದ್ದರು. ನಾನು ಆಫೀಸಿನ ಕಿಟಕಿಯಿಂದ ನೋಡಿದೆ. ಒಂದು ಸುತ್ತು, ಎರಡು ಸುತ್ತು. ಬಾಗಿಲಲ್ಲಿ ನಿಂತ ನಾಲ್ಕು ಜನ ನಗುತ್ತಿದ್ದರು. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ನಾಚಿಕೆಯೂ ಬಂತು.

ಮಾರನೆಯ ದಿನ ಬೆಳಗ್ಗೆ ಆರು ಗಂಟೆಗೆ ಹೋಗಿ ಬಾಗಿಲಲ್ಲಿ ನಿಂತೆ. “ಆ ಕಡೆಯಿಂದ ನಾನು ಹಿಡ್ಕೋತೀನಿ. ಮೊಹರು ಒತ್ತಿದ ಕೈ ಇದು, ಬೀಸಲಿ.”

ಅವರು ರಾಗಿಯ ಡಬ್ಬ ಪಕ್ಕಕ್ಕೆ ಸರಿಸಿದರು. “ಎಂಟೂವರೆಗೆ ಬಿಟ್ಬಿಡ್ತೀನಿ. ಆಫೀಸಿಗೆ ತಡ ಆದ್ರೆ ನನ್ನ ಮೇಲೆ ಹೇಳ್ಬೇಡಿ” ಎಂದು ಕಲ್ಲಿನ ಆಚೆ ಜಾಗ ತೋರಿಸಿದರು.

ಹಾಗೆ ಶುರುವಾಯಿತು. ನಾನು ಎದುರು ಕೂತು ಒಂದು ಕೈಯಲ್ಲಿ ಗೂಟ, ಇನ್ನೊಂದು ಕೈಯಲ್ಲಿ ಅವರ ಸೆರಗಿಗೆ ಕಟ್ಟಿದ ಹಗ್ಗ ಹಿಡಿದಿರುತ್ತಿದ್ದೆ. ಒಂದು ವಾರ ಮಾತೇ ಇರಲಿಲ್ಲ. ಎರಡನೆಯ ವಾರ ನಾನು ತಡೆಯಲಾರದೆ ಹೇಳಿದೆ: “ಆವತ್ತು ನಾನು ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು. ಏಸಿ ಅಂದಾಗ ಒಪ್ಪಬಾರದಿತ್ತು.”

“ಗಟ್ಟಿಯಾಗಿ ಹೇಳಿದ್ರೆ ನಾನು ಕೇಳ್ತಿದ್ನಾ?”

“ಕೇಳ್ತಿರಲಿಲ್ವಾ?”

“ಗೊತ್ತಿಲ್ಲ ಕಣ್ರೀ.” ಒಂದು ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕಿದರು. “ಒಂದ್ ನಿಜ ಹೇಳ್ಲಾ? ಹನಿ ನನಗೂ ಕಾಣಿಸ್ತು. ಆದ್ರೆ ಆ ಬಚ್ಚಲುಮನೆ ನನಗೆ ಬೇಕಾಗಿತ್ತು. ಮನುಷ್ಯ ಸುಳ್ಳಾದ್ರೂ ಬಚ್ಚಲುಮನೆ ಎಲ್ಲೋ ನಿಜ ಇರುತ್ತಲ್ಲ? ಯಾರೋ ಅದ್ರಲ್ಲಿ ಸ್ನಾನ ಮಾಡ್ತಿರ್ತಾರಲ್ಲ? ಅದಕ್ಕೆ ಹೊಟ್ಟೆ ಉರಿಯುತ್ತೆ ನೋಡಿ, ಈಗ್ಲೂ.”

ನಾನು ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ: “ಊಟ ಆಯ್ತಾ?”

ಅವರು ಕಲ್ಲು ನಿಲ್ಲಿಸಿದರು. “ಬೆಳಗ್ಗೆ ಆರೂವರೆಗೆ ಯಾವ ಊಟ ರೀ?” ಎಂದರು. ಆಮೇಲೆ ನಗತೊಡಗಿದರು. ಹಗ್ಗ ನನ್ನ ಕೈಯಿಂದ ಜಾರಿ, ಅವರು ನಗುತ್ತಲೇ ಕಲ್ಲಿಗೆ ಒಂದು ಸುತ್ತು ತಿರುಗಿ ಬಂದರು. ಮೂರು ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲು.

ಬೀಸುವ ಕಲ್ಲಿನ ಹಿಟ್ಟಿಗೆ ಒಂದು ಹದವಿದೆಯೆಂದು ಜನ ಕಂಡುಕೊಂಡರು. ಪಕ್ಕದೂರಿಗೆ ನಡೆಯುವುದೂ ಸಾಕಾಗಿತ್ತು. ಬೈಯುತ್ತಲೇ ಡಬ್ಬ ತಂದಿಟ್ಟರು. ಅಧ್ಯಕ್ಷರ ಮನೆಯ ಡಬ್ಬ ಎಲ್ಲಕ್ಕಿಂತ ಮೊದಲು ಬಂತು. ವನಜಾಕ್ಷಿಯವರು ಅದನ್ನು ಸಾಲಿನ ಕೊನೆಗೆ ಇಟ್ಟರು. ಹಗ್ಗ ಯಾವಾಗ ಬೇಡವಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಅವರು ದಿನದಿನಕ್ಕೆ ಒಂದಿಷ್ಟೊಂದಿಷ್ಟು ಇಳಿಯುತ್ತಿದ್ದರು, ಯಾರಿಗೂ ಕಾಣದ ಹಾಗೆ. ಎರಡು ಬೆರಳು, ಒಂದು ಬೆರಳು. ಈಚೆಗೆ ನೆಲಕ್ಕೂ ಪಾದಕ್ಕೂ ನಡುವೆ ಏನಾದರೂ ಇದೆಯೋ ಇಲ್ಲವೋ ಎಂದು ಹೇಳಲು ಕಾಗದವೇ ಬೇಕಿತ್ತು. ಕಾಗದ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ನಾನು ತೆಗೆಯಲಿಲ್ಲ, ಅವರೂ ಕೇಳಲಿಲ್ಲ.

ಕಳೆದ ವಾರ ಚಪ್ಪಲಿಯ ಪಟ್ಟಿ ಹೊಲಿಸಲು ಹೋದಾಗ ಖುದ್ದೂಸ್ ಸಾಬರು ಅದನ್ನು ತಿರುವಿ ನೋಡಿ, “ಏನ್ ಗುಮಾಸ್ತ್ರೇ, ವರ್ಷಕ್ಕೆರಡು ಜೊತೆ ಸವೆಸ್ತಿದ್ರಿ. ಇದು ಸವೆದೇ ಇಲ್ವಲ್ಲ” ಎಂದರು. “ಒಳ್ಳೇ ಚರ್ಮ ಸಾಬ್ರೇ” ಎಂದೆ. “ನಾನು ಕೊಟ್ಟಿದ್ದು, ನನಗೆ ಗೊತ್ತಿಲ್ವಾ ಅದರ ಹಣೆಬರಹ” ಎಂದರು.

ಇದಾದ ಎರಡು ದಿನಕ್ಕೆ, ಮಂಗಳವಾರ. ಅಧ್ಯಕ್ಷರ ಮನೆಯ ರಾಗಿ ಬೀಸಿ ಮುಗಿಸಿದೆವು. ಆವತ್ತು ನೆಲದ ತುಂಬ ಹಿಟ್ಟು ಹಾರಿತ್ತು. ಡಬ್ಬವನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ಬಾಗಿಲಿನ ಬಳಿ ಇಟ್ಟೆವು, ಕಲ್ಲು ಮುಚ್ಚಲು ವಾಪಸ್ ಬಂದೆವು. ನಾನು ಚೀಲ ತೆಗೆದುಕೊಳ್ಳಲು ಬಗ್ಗಿದಾಗ ನೆಲ ಕಂಡಿತು. ಕಲ್ಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಕಲ್ಲಿಗೆ ಹೆಜ್ಜೆಗಳು, ಸ್ಪಷ್ಟವಾಗಿ, ಐದೂ ಬೆರಳು ಮೂಡುವ ಹಾಗೆ. ಆದರೆ ಒಬ್ಬರವು ಮಾತ್ರ. ನಾವಿಬ್ಬರು ಅಕ್ಕಪಕ್ಕ ನಡೆದಿದ್ದೆವು. ಇನ್ನೊಬ್ಬರ ಕಡೆಯ ಹಿಟ್ಟು ಹಾಗೇ ನುಣ್ಣಗಿತ್ತು.

ವನಜಾಕ್ಷಿಯವರೂ ನೋಡುತ್ತಿದ್ದರು, ಕೈಯಲ್ಲಿ ಪೊರಕೆ ಹಿಡಿದು. ಡಬ್ಬದ ಯಾವ ಕಡೆ ಯಾರು ಹಿಡಿದಿದ್ದೆವೆಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಹಿಮ್ಮಡಿ ಗುರುತಿಸುವುದೇ ನನ್ನ ಕಸುಬು. ಬಗ್ಗಿ ಒಂದು ಸಲ ನೋಡಿದ್ದರೆ ಸಾಕಿತ್ತು.

“ಯಾರದ್ದು ಗುಮಾಸ್ತ್ರೇ?” ಎಂದು ಕೇಳಿದರು.

ನಾನು ಬಗ್ಗಲಿಲ್ಲ. ಅವರು ಸ್ವಲ್ಪ ಕಾದು, ಪೊರಕೆ ಬೀಸಿ, ಎಲ್ಲವನ್ನೂ ಒಂದೇ ಗುಡ್ಡೆ ಮಾಡಿಬಿಟ್ಟರು.

ಅಧಿರಾಜ್ ಎನ್ನುವವನು ಯಾರು, ಅವನಿಗೆ ಕಾಲಿದ್ದವೋ ಇಲ್ಲವೋ, ಹೊರಗಿನ ಊರಿನವರು ಪ್ರೀತಿಸಿದರೆ ಅವರಿಗೆ ಏನಾಗುತ್ತದೋ, ವನಜಾಕ್ಷಿಯವರು ಅಷ್ಟು ದಿನ ಯಾರಿಗಾಗಿ ಮೇಲಿದ್ದರೋ, ಇದೊಂದೂ ನನಗೆ ಗೊತ್ತಿಲ್ಲ. ಆ ಹೆಜ್ಜೆ ಯಾರದ್ದೆಂಬುದೂ ಗೊತ್ತಿಲ್ಲ. ನಾಳೆ ಬೆಳಗ್ಗೆ ಆರಕ್ಕೆ ಮತ್ತೆ ಹೋಗಬೇಕು.